ತೋಟ ಅಗೆದಿದ್ದು ಹಂದಿಯೋ, ಮುಳ್ಳುಹಂದಿಯೋ, ಹೆಗ್ಗಣವೋ? ಬೇಲಿಗೆ ದುಡ್ಡು ಹಾಕುವ ಮೊದಲು ಮಣ್ಣು ನೋಡಿ

ಸಂಜೆ ನೀರು ಕಟ್ಟಿ ಬಂದ ಪಾತಿ ಬೆಳಗಾಗುವಷ್ಟರಲ್ಲಿ ಬುಡಮೇಲಾಗಿದ್ದರೆ ಮಂಡ್ಯ, ಮೈಸೂರು ಕಡೆ ಮೊದಲು ಬರುವ ಮಾತು ‘ಹಂದಿ ಬಿದ್ದಿದೆ’. ಎಷ್ಟೋ ಸಲ ಅದು ನಿಜ. ನಿಜವಲ್ಲದಾಗ ನಷ್ಟ ಎರಡಾಗುತ್ತದೆ: ಬೆಳೆಯೂ ಹೋಯಿತು, ತಪ್ಪು ಪ್ರಾಣಿಗೆ ಹಾಕಿದ ಬೇಲಿಯ ದುಡ್ಡೂ ಹೋಯಿತು. ಹಂದಿಗೆಂದು ಎಳೆದ ಮುಳ್ಳುತಂತಿಯ ಕೆಳಗೆ ಮುಳ್ಳುಹಂದಿ ನುಸುಳುತ್ತದೆ. ಹಂದಿಗೆಂದು ಕಟ್ಟಿದ ಸೀರೆ ಬೇಲಿಯನ್ನು ಹೆಗ್ಗಣ ಲೆಕ್ಕಕ್ಕೇ ಇಡುವುದಿಲ್ಲ. ಹೆಗ್ಗಣಕ್ಕೆಂದು ಇಟ್ಟ ಪಾಷಾಣ ಮುಂಗುಸಿಯನ್ನೂ ಗೂಬೆಯನ್ನೂ ಕೊಲ್ಲುತ್ತದೆ, ಅಲ್ಲಿಗೆ ಹೆಗ್ಗಣ ಹಿಡಿಯುವವರೇ ಇಲ್ಲವಾಗುತ್ತಾರೆ.

ಒಂದೇ ಗುಂಡಿಯನ್ನು ನೋಡಿ ಮನೆಯಲ್ಲಿ ಒಬ್ಬರು ಒಂದೊಂದು ಪ್ರಾಣಿಯ ಹೆಸರು ಹೇಳುತ್ತಾರೆ. ಹೆಸರನ್ನು ಪಕ್ಕಕ್ಕಿಡಿ. ಮೊದಲು ಕೇಳಬೇಕಾದ ಪ್ರಶ್ನೆ: ಈ ಮಣ್ಣನ್ನು ಯಾವುದರಿಂದ ಎತ್ತಿದ್ದಾರೆ? ಮೂತಿಯಿಂದ ಮೀಟಿದ್ದೋ, ಉಗುರಿನಿಂದ ಬಗೆದಿದ್ದೋ, ಕಾಲಿನಿಂದ ಗೆಬರಿದ್ದೋ, ಕೆಳಗಿನಿಂದ ಬಿಲ ಕೊರೆದು ಮೇಲಕ್ಕೆ ತಳ್ಳಿದ್ದೋ? ಈ ನಾಲ್ಕರಲ್ಲಿ ಒಂದು ತೀರ್ಮಾನವಾದರೆ ಪಟ್ಟಿ ಎರಡು ಮೂರು ಪ್ರಾಣಿಗೆ ಇಳಿಯುತ್ತದೆ.

ಅಳೆಯಬೇಕಾದ ಸಂಗತಿಗಳು

ಮಣ್ಣು ಎದ್ದ ರೀತಿ ಎಲ್ಲಕ್ಕಿಂತ ಮುಖ್ಯ. ಆಮೇಲೆ ಗುಂಡಿಯ ಅಗಲ, ಆಳ. ಇವನ್ನು ಕಣ್ಣಂದಾಜಿಗೆ ಬಿಡಬೇಡಿ, ಮಕ್ಕಳ ಸ್ಕೇಲ್ ಇಟ್ಟು ಅಳೆಯಿರಿ. ಸ್ಕೇಲ್ ಸಿಗದಿದ್ದರೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಅದರ ಅಡ್ಡಳತೆ 27 ಮಿ.ಮೀ. ಮೂರನೆಯದು, ಏನು ತಿಂದಿದೆ, ಏನು ಬಿಟ್ಟಿದೆ. ತಿಂದದ್ದಕ್ಕಿಂತ ಬಿಟ್ಟದ್ದು ಹೆಚ್ಚು ಹೇಳುತ್ತದೆ. ನಾಲ್ಕನೆಯದು ಹೆಜ್ಜೆ, ಐದನೆಯದು ಹಿಕ್ಕೆ, ಆರನೆಯದು ಹೊತ್ತು. ಕತ್ತಲಾದ ಮೇಲೆ ಆಯಿತೋ, ಬೆಳಕು ಹರಿದ ಮೇಲೋ ಎಂಬುದು ಗೊತ್ತಾದರೆ ನವಿಲು, ಮುಂಗುಸಿ ಒಂದು ಕಡೆ, ಹಂದಿ, ಮುಳ್ಳುಹಂದಿ ಇನ್ನೊಂದು ಕಡೆ ಬೀಳುತ್ತವೆ.

ಕೊನೆಯದು, ನಿಮ್ಮ ಜಾಗ. ಮೈಸೂರಿನ ಸರಸ್ವತಿಪುರಂನಂಥ ಬಡಾವಣೆಯ ಕೈತೋಟದಲ್ಲಿ ಗುಂಡಿ ಬಿದ್ದರೆ ಹೆಗ್ಗಣ, ಮುಂಗುಸಿ, ಬೀದಿನಾಯಿ ಬಿಟ್ಟು ಬೇರೆ ಹುಡುಕಬೇಕಾಗಿ ಬರುವುದು ಅಪರೂಪ. ಚಾಮುಂಡಿ ಬೆಟ್ಟದ ಬುಡದ ನಿವೇಶನಗಳಲ್ಲಿ ಇದಕ್ಕೆ ಮುಳ್ಳುಹಂದಿ, ಕಾಡುಹಂದಿ, ನವಿಲು ಸೇರುತ್ತವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತರಿ ಜಮೀನಿನಲ್ಲಿ ಇಲಿ, ಏಡಿ, ಕಬ್ಬಿನೊಳಗೆ ಬೀಡುಬಿಟ್ಟ ಹಂದಿ. ಮೇಲುಕೋಟೆ, ನಾಗಮಂಗಲದ ಕಲ್ಲುಗುಡ್ಡದ ಕಡೆ ಕರಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಯಾವುದನ್ನೂ ಪಟ್ಟಿಯಿಂದ ಬಿಡುವಂತಿಲ್ಲ.

ಮೂತಿಯಿಂದ ಮೀಟಿದ್ದರೆ: ಹಂದಿ

ಹಂದಿ ಗುಂಡಿ ತೋಡುವುದಿಲ್ಲ, ಉಳುತ್ತದೆ. ಮೂತಿಯನ್ನು ಮಣ್ಣಿಗೆ ಇಳಿಸಿ ಮುಂದಕ್ಕೆ ತಳ್ಳಿ ಮೀಟುವುದರಿಂದ ಹೆಂಟೆಗಳು ಮಗುಚಿ ಬೀಳುತ್ತವೆ, ಹುಲ್ಲಿನ ಬೇರು ಮೇಲಾಗಿ ಒಣಗುತ್ತಿರುತ್ತದೆ. ಆಳ ಸಾಮಾನ್ಯವಾಗಿ ಗೇಣಿನೊಳಗೆ, ಆದರೆ ಹರವು ದೊಡ್ಡದು: ಒಂದೇ ರಾತ್ರಿಯಲ್ಲಿ ಹತ್ತಾರು ಅಡಿ ಉದ್ದದ ಪಟ್ಟೆ. ಕಡಲೆಕಾಯಿ, ಗೆಣಸಿನ ಸಾಲನ್ನು ಹಿಡಿದರೆ ಸಾಲಿಗೆ ಸಾಲು ಮುಗಿಸುತ್ತದೆ. ಕಬ್ಬನ್ನು ಬೀಳಿಸಿ, ಜಗಿದು, ಸಿಪ್ಪೆಯ ನಾರನ್ನು ಉಗಿದು ಹೋಗಿರುತ್ತದೆ.

ಹೆಜ್ಜೆಯಲ್ಲಿ ಎರಡು ಗೊರಸು ಅಗಲವಾಗಿ, ತುದಿ ಮೊಂಡಾಗಿ ಮೂಡುತ್ತವೆ. ಬೆಳೆದ ಹಂದಿಯದು 5ರಿಂದ 6 ಸೆಂ.ಮೀ ಉದ್ದ. ಮೆತ್ತನೆ ಮಣ್ಣಿನಲ್ಲಿ ಅದರ ಹಿಂದೆ, ಗೊರಸಿಗಿಂತ ಹೊರಗೆ, ಎರಡು ಸಣ್ಣ ಚುಕ್ಕಿ ಕಾಣುತ್ತವೆ. ಅವು ಹಿಂಗೊರಸಿನವು. ಕುರಿ, ಮೇಕೆಯ ಹೆಜ್ಜೆಯಲ್ಲಿ ಈ ಚುಕ್ಕಿ ಸಾಮಾನ್ಯವಾಗಿ ಇರುವುದಿಲ್ಲ, ಹೆಜ್ಜೆಯೂ ಕಿರಿದು. ಹತ್ತಿರದ ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಸರು ಬಳಿದಿದ್ದರೆ, ತಂತಿಗೆ ಒರಟು ಕೂದಲು ಸಿಕ್ಕಿದ್ದರೆ ಅನುಮಾನವಿಲ್ಲ.

ತೊಡಕಿರುವುದು ಊರ ಹಂದಿಯಲ್ಲಿ. ಹೆಜ್ಜೆ ಒಂದೇ, ಮೀಟುವ ರೀತಿಯೂ ಒಂದೇ. ಊರ ಹಂದಿ ಚರಂಡಿ, ತಿಪ್ಪೆಯ ಕಡೆಯಿಂದ ಬರುತ್ತದೆ, ಹಗಲಲ್ಲೂ ಬರುತ್ತದೆ. ಕಾಡುಹಂದಿ ಕಬ್ಬು, ಲಂಟಾನ ಪೊದೆ, ಹಳ್ಳದ ಕಡೆಯಿಂದ ಕತ್ತಲಾದ ಮೇಲೆ. ಹಾಗಾಗಿ ಹೆಜ್ಜೆಯ ಆಕಾರಕ್ಕಿಂತ ಅದು ಬಂದ ದಿಕ್ಕನ್ನು ಹಿಂಬಾಲಿಸಿ ನೋಡಿ. ಪಕ್ಕದವರ ಕಬ್ಬು ಕಟಾವಾದ ವಾರದಲ್ಲಿ ಇದ್ದಕ್ಕಿದ್ದಂತೆ ಹಾವಳಿ ಶುರುವಾದರೆ, ಅಲ್ಲಿ ಅಡಗಿದ್ದ ಹಿಂಡು ಜಾಗ ಬದಲಿಸಿದೆ ಎಂದೇ ಅರ್ಥ.

ಬೆಳೆ ಇಲ್ಲದ ಖಾಲಿ ನೆಲವನ್ನೂ ಹಂದಿ ಉತ್ತಿದ್ದರೆ ಅದಕ್ಕೆ ಬೇಕಾಗಿರುವುದು ಮಣ್ಣಿನೊಳಗಿನ ಗೊಣ್ಣೆ ಹುಳ, ಎರೆಹುಳು. ಆ ಜಾಗದಲ್ಲಿ ಒಂದು ಅಡಿ ಚೌಕ, ಗೇಣು ಆಳ ಅಗೆದು ನೋಡಿ. ಬಿಳಿ ಮೈಯ, ಕಂದು ತಲೆಯ, ಮಡಚಿಕೊಂಡ ಹುಳಗಳು ಸಿಕ್ಕರೆ ನಿಮ್ಮ ಮೂಲ ಸಮಸ್ಯೆ ಗೊಣ್ಣೆ ಹುಳ. ಅದಕ್ಕೆ ಮದ್ದು ಮಾಡದೆ ಬೇಲಿ ಮಾತ್ರ ಹಾಕಿದರೆ ಹಂದಿ ನಿಂತರೂ ಗಿಡ ಒಣಗುವುದು ನಿಲ್ಲುವುದಿಲ್ಲ.

ಉಗುರಿನಿಂದ ಬಗೆದಿದ್ದರೆ

ಇಲ್ಲಿ ಸ್ಪರ್ಧಿಗಳು ಹೆಚ್ಚು. ಗುಂಡಿಯ ಗೋಡೆಯಲ್ಲಿ ಉಗುರಿನ ಗೀರು ಇದ್ದು, ಮಣ್ಣು ಒಂದೇ ಬದಿಗೆ ಬಿದ್ದಿದ್ದರೆ ಅದು ಕಾಲುಗಳ ನಡುವೆ ಹಿಂದಕ್ಕೆ ಎರಚಿದ್ದು.

ಮುಳ್ಳುಹಂದಿ ಒಂದು ಗಿಡವನ್ನು ಗುರಿಯಿಟ್ಟು ಬರುತ್ತದೆ. ಗೆಣಸು, ಸುವರ್ಣಗೆಡ್ಡೆ, ಆಲೂಗಡ್ಡೆಯ ಬುಡಕ್ಕೆ ಓರೆಯಾಗಿ, ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಿ, ಗೆಡ್ಡೆಯನ್ನು ಅಲ್ಲೇ ಕೊರೆದು ತಿನ್ನುತ್ತದೆ. ಪಕ್ಕದ ಗಿಡ ಹಾಗೆಯೇ ನಿಂತಿರಬಹುದು. ಹಂದಿಗೂ ಇದಕ್ಕೂ ಇರುವ ಸ್ಪಷ್ಟ ವ್ಯತ್ಯಾಸ ಇದೇ. ಉಳಿದ ಗೆಡ್ಡೆಯ ಮೇಲೆ ಉಳಿಯಲ್ಲಿ ಕೆತ್ತಿದಂಥ ಅಗಲವಾದ ಜೋಡಿ ಗೀರು ಇರುತ್ತದೆ. ಹಿಕ್ಕೆ ಖರ್ಜೂರದ ಆಕಾರದ್ದು, ನಾರು ತುಂಬಿದ್ದು, ಕೆಲವೊಮ್ಮೆ ಒಂದಕ್ಕೊಂದು ಅಂಟಿ ಸರದಂತೆ ಬಿದ್ದಿರುತ್ತದೆ. ಉದುರಿದ ಮುಳ್ಳು ಸಿಕ್ಕರೆ ಬೇರೆ ಸಾಕ್ಷಿ ಬೇಡ. ಬೇಲಿಯ ನುಸುಳುದಾರಿಯಲ್ಲಿ ಹುಡುಕಿ, ಹೊಲದ ನಡುವೆ ಹುಡುಕುವುದಕ್ಕಿಂತ ಅಲ್ಲಿ ಬೇಗ ಸಿಗುತ್ತದೆ. ಮುಳ್ಳನ್ನು ಅದು ಬಾಣದಂತೆ ಎಸೆಯುವುದಿಲ್ಲ. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ಆದ್ದರಿಂದ ನಾಯಿಯನ್ನು ಛೂ ಬಿಡಬೇಡಿ.

ಮುಂಗುಸಿ, ಹಳ್ಳಿಗರು ಕೀರ ಅನ್ನುವುದು, ತೋಡುವ ಗುಂಡಿ ಲೋಟದಷ್ಟು ದೊಡ್ಡದು, ಬೆರಳಿನಷ್ಟು ಆಳ. ಹುಲ್ಲುಹಾಸಿನಲ್ಲಿ, ಮಲ್ಚಿಂಗ್ (ನೆಲದ ಮುಚ್ಚಿಗೆ) ಕೆಳಗೆ ಇಂಥ ಐದಾರು ಗುಂಡಿ ಹರಡಿರುತ್ತವೆ, ಗಿಡಕ್ಕೆ ಏನೂ ಆಗಿರುವುದಿಲ್ಲ. ಅದು ಹುಳ ಹುಡುಕಿದ ಗುರುತು. ಇದಕ್ಕೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ, ಕಾಲಲ್ಲಿ ಮಣ್ಣು ಮುಚ್ಚಿ ಮುಂದೆ ಹೋಗಿ. ಹಾವು, ಇಲಿ, ಗೊಣ್ಣೆ ಹುಳ ತಿನ್ನುವ ಪ್ರಾಣಿ ತೋಟದಲ್ಲಿರುವುದು ಭಾಗ್ಯ.

ನಾಯಿ ತೋಡಿದ ಗುಂಡಿ ದೊಡ್ಡದಾಗಿ, ಅಂದಗೆಟ್ಟು, ಗೊಬ್ಬರ ಹಾಕಿದ ಜಾಗದಲ್ಲೇ ಇರುತ್ತದೆ. ಮೂಳೆ ಪುಡಿ, ಮೀನಿನ ಗೊಬ್ಬರ ಹಾಕಿದ ಎರಡು ಮೂರು ದಿನದೊಳಗೆ ಗುಲಾಬಿ ಬುಡ ಬಗೆದಿದ್ದರೆ ಕಾಡುಪ್ರಾಣಿಯ ಮೇಲೆ ಹೊರೆ ಹೊರಿಸುವ ಮೊದಲು ಬೀದಿನಾಯಿಯನ್ನು ನೆನೆಯಿರಿ. ನಾಲ್ಕು ಬೆರಳು, ತುದಿಯಲ್ಲಿ ಉಗುರಿನ ಚುಕ್ಕಿ ಇರುವ ಹೆಜ್ಜೆ ಸಿಗುತ್ತದೆ. ನರಿಯದೂ ಹೀಗೇ, ಸ್ವಲ್ಪ ಕಿರಿದು. ನರಿ ಬಗೆಯುವುದು ಹೆಚ್ಚಾಗಿ ಇಲಿ ಬಿಲವನ್ನು, ಗಿಡದ ಬುಡವನ್ನಲ್ಲ.

ಬದುವಿನ ಮೇಲೆ ಗುಂಡಿ, ಅದರ ಮುಂದೆ ಎಳೆದುಕೊಂಡು ಹೋದ ಬಾಲದ ಅಂಕುಡೊಂಕು ಗೆರೆ, ಎರಡೂ ಪಕ್ಕ ಉಗುರಿನ ಗುರುತು ಇದ್ದರೆ ಅದು ಉಡ.

ಹುತ್ತವನ್ನು ಒಡೆದಿದ್ದರೆ ಬೇರೆಯೇ ಲೆಕ್ಕ. ಗಟ್ಟಿ ಹುತ್ತ ಸೀಳಿ ಮೊಳ ಆಳಕ್ಕೆ ಇಳಿದು, ಹೆಂಟೆಗಳನ್ನು ದೂರ ಎಸೆದು, ನಮ್ಮ ಬೆರಳಿನಷ್ಟು ದಪ್ಪದ ಗೀರು ಬಿಟ್ಟಿದ್ದರೆ ಕರಡಿ. ಸುತ್ತ ಕಕ್ಕೆ, ಎಲಚಿ ಬೀಜ ಅಥವಾ ಗೆದ್ದಲಿನ ಚೂರು ಇರುವ ಮಲ ಸಿಗಬಹುದು. ಹುತ್ತದ ಬದಿಯಲ್ಲಿ ಗೇಣಿಗಿಂತ ಕಿರಿದಾದ ಒಂದೇ ದುಂಡು ತೂತು, ಅಚ್ಚುಕಟ್ಟಾಗಿ ಒಳಕ್ಕೆ ಹೋಗಿದ್ದರೆ ಚಿಪ್ಪುಹಂದಿ ಇರಬಹುದು. ಚಿಪ್ಪುಹಂದಿ ಬೆಳೆ ತಿನ್ನುವುದಿಲ್ಲ, ಅದರ ಆಹಾರ ಇರುವೆ ಮತ್ತು ಗೆದ್ದಲು. ಅದರ ಚಿಪ್ಪಿಗಾಗಿ ಬೇಟೆಯಾಡುವವರಿದ್ದಾರೆ. ಗುರುತು ಸಿಕ್ಕ ಜಾಗದ ಫೋಟೊವನ್ನು ದಯವಿಟ್ಟು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ.

ಕಾಲಿನಿಂದ ಗೆಬರಿದ್ದರೆ: ನವಿಲು

ಕೋಳಿ ಗೆಬರಿದ ತಿಪ್ಪೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಆಳ ಒಂದೆರಡು ಅಂಗುಲ, ಮಣ್ಣು ಎಲ್ಲ ಕಡೆ ಕೆದರಿರುತ್ತದೆ, ಬಿತ್ತಿದ ಬೀಜ ಹೆಕ್ಕಿ ಖಾಲಿ. ಮುಂದಕ್ಕೆ ಮೂರು ಬೆರಳಿನ ಹೆಜ್ಜೆ ಕೋಳಿಯದ್ದಕ್ಕಿಂತ ಬಹಳ ದೊಡ್ಡದು, ಅಂಗೈ ಅಗಲಕ್ಕೆ ಹತ್ತಿರ. ಬೆಳಗಿನ ಬಿಸಿಲು ಏರುವ ಮೊದಲು, ಸಂಜೆ ನಾಲ್ಕರ ಮೇಲೆ ಬರುತ್ತದೆ. ಒಣ ಮಣ್ಣಿನಲ್ಲಿ ಬುಟ್ಟಿಯ ಆಕಾರದ ನುಣುಪಾದ ತಗ್ಗಿದ್ದರೆ ಅದು ಧೂಳಿನ ಸ್ನಾನ ಮಾಡಿದ ಜಾಗ.

ಕೆಳಗಿನಿಂದ ಬಿಲ ಕೊರೆದಿದ್ದರೆ

ದೊಡ್ಡ ಹೆಗ್ಗಣದ ಬಿಲದ ಬಾಯಿಗೆ ಮುಷ್ಟಿ ಹೋಗುವಷ್ಟು ಅಗಲ. ಮನೆ, ಚರಂಡಿ, ಗೊಬ್ಬರದ ಗುಂಡಿ, ಕಾಂಪೌಂಡ್ ತಳಪಾಯದ ಹತ್ತಿರ. ಗದ್ದೆ ಬದುವಿನ ಇಲಿಯ ಬಿಲದ ಬಾಯಿ ಅದಕ್ಕಿಂತ ಕಿರಿದು, ಮುಂದೆ ಹೊಸ ಮಣ್ಣಿನ ಗುಡ್ಡೆ, ಎಷ್ಟೋ ಸಲ ಬಾಯಿಯನ್ನು ಒಳಗಿನಿಂದ ಮಣ್ಣಲ್ಲಿ ಮುಚ್ಚಿಕೊಂಡಿರುತ್ತದೆ. ಅಗೆದರೆ ಒಳಗೆ ಭತ್ತದ ತೆನೆ, ಕಡಲೆಕಾಯಿ ಕೂಡಿಟ್ಟದ್ದು ಸಿಗುತ್ತದೆ. ಬಾಯಿಯ ಸುತ್ತ ಒದ್ದೆ ಮಣ್ಣಿನ ಉಂಡೆಗಳ ಕಟ್ಟೆ ಇದ್ದು, ತೂತು ನೀರಿನ ಮಟ್ಟಕ್ಕೆ ಹತ್ತಿರವಿದ್ದರೆ ಅದು ಏಡಿ. ಅದಕ್ಕೆ ಇಲಿ ಪಾಷಾಣ ಹಾಕಿ ಪ್ರಯೋಜನವಿಲ್ಲ.

ಬಿಲದಲ್ಲಿ ವಾಸ ಇದೆಯೋ ಇಲ್ಲವೋ ತಿಳಿಯಲು ಸಂಜೆ ಎಲ್ಲ ಬಾಯಿಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ತೆರೆದುಕೊಂಡಿರುವುವು ಮಾತ್ರ ವಾಸದ ಬಿಲಗಳು. ಇಪ್ಪತ್ತು ತೂತಿನಲ್ಲಿ ನಾಲ್ಕೈದೇ ತೆರೆದಿದ್ದರೆ ಕೆಲಸವೂ ಖರ್ಚೂ ಅಷ್ಟಕ್ಕೇ ಇಳಿಯಿತು.

ತೆಂಗಿನ ಸಸಿ ಸತ್ತಾಗ

ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇಲ್ಲಿ, ಏಕೆಂದರೆ ಒಂದು ಎರಡು ವರ್ಷದ ಸಸಿಯ ಮೆತ್ತನೆ ಬುಡ ಹಂದಿ, ಮುಳ್ಳುಹಂದಿ, ಹೆಗ್ಗಣ ಮೂರಕ್ಕೂ ಇಷ್ಟ. ಸತ್ತ ಸಸಿಯನ್ನು ಎಸೆಯದೆ ಬುಡ ತೊಳೆದು ನೋಡಿ.

ಸಸಿ ಗುಂಡಿಯಿಂದ ಹೊರಗೆ ಬಿದ್ದು, ಬುಡ ಸಿಗಿದು ನಾರುನಾರಾಗಿ, ಸುತ್ತಲ ಪಾತಿಯೆಲ್ಲ ಮಗುಚಿದ್ದರೆ ಹಂದಿ. ಸಸಿಯ ಒಂದು ಬದಿಯಲ್ಲಿ ಮಾತ್ರ ಗುಂಡಿ, ಬುಡದಲ್ಲಿ ಚೊಕ್ಕವಾದ ಅಗಲ ಹಲ್ಲಿನ ಗೀರು, ಒಳಗಿನ ಬಿಳಿ ತಿರುಳು ಖಾಲಿಯಾಗಿದ್ದರೆ ಮುಳ್ಳುಹಂದಿ. ಅದು ಬೆಳೆದ ಮರದ ಬುಡದ ತೊಗಟೆಯನ್ನೂ ಕೊರೆಯುತ್ತದೆ. ಸಸಿ ನೆಟ್ಟಗೆ ನಿಂತೇ ಬಾಡಿ, ಎಳೆದರೆ ಕೈಗೆ ಬಂದು, ಗುಂಡಿಯೊಳಗೆ ಬಿಲದ ಬಾಯಿ ಕಂಡು, ಹಲ್ಲಿನ ಗೀರು ಮುಳ್ಳುಹಂದಿಯದರ ಅರ್ಧಕ್ಕೂ ಕಿರಿದಾಗಿದ್ದರೆ ಹೆಗ್ಗಣ. ಮಣ್ಣು ಅಲುಗಾಡದೆ ಸುಳಿ ಮಾತ್ರ ಒಣಗಿ, ಅಲ್ಲಿ ತೂತಿನಿಂದ ಜಗಿದ ನಾರು ಹೊರಬಂದಿದ್ದರೆ ಯಾವ ಪ್ರಾಣಿಯೂ ಅಲ್ಲ, ರೈನೋಸರಸ್ ದುಂಬಿ.

ಖಚಿತ ಮಾಡಿಕೊಳ್ಳಲು ಎಷ್ಟು ಖರ್ಚು ಮಾಡಬೇಕು?

ಖರ್ಚಿಲ್ಲದ ದಾರಿ ಬೆಳಗಿನ ಕಣ್ಣು. ಮಣ್ಣಿನ ತೇವ ಆರುವ ಮೊದಲು, ಆಳುಗಳು ಓಡಾಡುವ ಮೊದಲು, ನೀರು ಬಿಡುವ ಮೊದಲು ನೋಡಬೇಕು. ಓರೆ ಬಿಸಿಲಿನಲ್ಲಿ ಹೆಜ್ಜೆ ನೆರಳು ಬಿದ್ದು ಎದ್ದು ಕಾಣುತ್ತದೆ, ಹತ್ತು ಗಂಟೆಗೆ ಅದೇ ಹೆಜ್ಜೆ ಕಾಣುವುದಿಲ್ಲ. ಮಳೆಗಾಲಕ್ಕೆ ಇಷ್ಟು ಸಾಕು. ಬೇಸಿಗೆಯ ಗಟ್ಟಿ ಕೆಮ್ಮಣ್ಣಿನಲ್ಲಿ ಸಾಲದು.

ಆಗ ಹೆಜ್ಜೆ ಪಟ್ಟಿ ಮಾಡಿ. ಗುಂಡಿಗೆ ಬರುವ ದಾರಿಯಲ್ಲಿ, ಬೇಲಿಯ ಸಂದಿನ ಒಳಬದಿಗೆ, ಮೂರಡಿ ಅಗಲ ಹತ್ತಡಿ ಉದ್ದದ ನೆಲ ಕೆರೆದು ಸಮ ಮಾಡಿ, ಜರಡಿ ಹಿಡಿದ ಮಣ್ಣನ್ನು ಒಂದು ಬೆರಳು ದಪ್ಪ ಹರಡಿ, ನೀರು ಚಿಮುಕಿಸಿ ಹಲಗೆಯಿಂದ ಎಳೆಯಿರಿ. ಇಲಿಯಂಥ ಸಣ್ಣ ಪ್ರಾಣಿಯ ಅನುಮಾನವಿದ್ದರೆ ಮೇಲೆ ತೆಳುವಾಗಿ ಒಲೆ ಬೂದಿ ಉದುರಿಸಿ. ಮೂರು ರಾತ್ರಿ ಬಿಡಿ. ತಪ್ಪಾಗುವುದು ಎರಡು ಕಡೆ: ಮಣ್ಣು ದಪ್ಪಗಾದರೆ ಹೆಜ್ಜೆ ಕುಸಿದು ಆಕಾರ ಕೆಡುತ್ತದೆ, ಪಟ್ಟಿ ಕಿರಿದಾದರೆ ಪ್ರಾಣಿ ದಾಟಿಬಿಡುತ್ತದೆ. ಎಕರೆ ಎರಡು ಎಕರೆ ಇರುವ ಹೆಚ್ಚಿನವರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯ ಬೀಳುವುದಿಲ್ಲ.

ಪ್ರಾಣಿ ಎದುರು ಹಾದಾಗ ತಾನೇ ಫೋಟೊ ತೆಗೆಯುವ ಟ್ರೇಲ್ ಕ್ಯಾಮೆರಾಕ್ಕೆ ಕೆಲವು ಸಾವಿರ ರೂಪಾಯಿ ಬೇಕು, ಕಳುವಿನ ಭಯವೂ ಇದೆ. ಎರಡು ಮೂರು ಲಕ್ಷದ ಬೇಲಿ ಹಾಕುವವರಿಗೆ, ಅಥವಾ ನಾಲ್ಕೈದು ಜನ ಸೇರಿ ಕೊಳ್ಳುವುದಾದರೆ, ಅದು ದುಬಾರಿಯಲ್ಲ. ದಾರಿಯಿಂದ ಹತ್ತು ಹನ್ನೆರಡು ಅಡಿ ದೂರ, ಹಂದಿಗೆ ಮೊಣಕಾಲೆತ್ತರ, ಮುಳ್ಳುಹಂದಿಗೆ ಅದರ ಅರ್ಧ. ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದರೆ ಬಿಸಿಲು ನೇರ ಬೀಳುವುದಿಲ್ಲ. ಎದುರಿನ ಹುಲ್ಲು ಸವರದಿದ್ದರೆ ಗಾಳಿಗೆ ಅಲುಗುವ ಹುಲ್ಲಿನ ಸಾವಿರ ಫೋಟೊ ತುಂಬುತ್ತದೆ. ಇಲಿ, ಹೆಗ್ಗಣವನ್ನು ಇದು ಎಷ್ಟೋ ಸಲ ಹಿಡಿಯುವುದೇ ಇಲ್ಲ, ಅದಕ್ಕೆ ಬೂದಿಯೇ ಮೇಲು.

ಯಾವ ದಾರಿ ಹಿಡಿದರೂ ರಾತ್ರಿ ಬ್ಯಾಟರಿ ಹಿಡಿದು ಕಬ್ಬಿನೊಳಗೆ ಕಾಯಲು ಹೋಗಬೇಡಿ. ಮರಿಯಿರುವ ಹಂದಿ ಮೇಲೆ ಬೀಳುತ್ತದೆ, ನಮ್ಮ ಕಡೆಯ ಕಬ್ಬಿನಲ್ಲಿ ಚಿರತೆಯೂ ಮರಿ ಹಾಕುತ್ತದೆ.

ಗೊತ್ತಾದ ಮೇಲೆ

ಹಂದಿಗೆ ಮೂರು ಅಡಿ ಎತ್ತರದ ಚೈನ್‌ಲಿಂಕ್ (ಹೆಣೆದ ತಂತಿಬಲೆ) ಬೇಲಿ ಸಾಕು, ಆದರೆ ಕೆಳಗಿನ ಒಂದು ಅಡಿ ಮಣ್ಣಿನೊಳಗೆ ಹೂತಿರಬೇಕು. ಹೂಳದ ಬೇಲಿಯನ್ನು ಅದು ಮೂತಿಯಿಂದ ಎತ್ತುತ್ತದೆ. ಅಷ್ಟು ಹಣವಿಲ್ಲದವರಿಗೆ ಸೋಲಾರ್ ಬೇಲಿ, ಕೆಳಗಿನ ತಂತಿ ನೆಲದಿಂದ ಗೇಣು ಎತ್ತರದಲ್ಲಿ. ಹುಲ್ಲು ತಾಗಿದರೆ ವಿದ್ಯುತ್ತು ಇಳಿದುಹೋಗುವುದರಿಂದ ಮಳೆಗಾಲದಲ್ಲಿ ಪ್ರತಿ ವಾರ ಕಳೆ ಸವರುವ ಆಳು ಬೇಕು, ಆ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ. ಸೀರೆ ಬೇಲಿ ಅಭ್ಯಾಸವಾಗುವ ತನಕ ಮಾತ್ರ ಕೆಲಸ ಮಾಡುತ್ತದೆ. ಕೊಯ್ಲಿಗೆ ಹದಿನೈದು ದಿನ ಇದ್ದಾಗ ಕಟ್ಟಿದರೆ ಉಪಯೋಗ, ಬಿತ್ತನೆಯಲ್ಲೇ ಕಟ್ಟಿದರೆ ಇಲ್ಲ. ಫೋರೇಟ್ ಎಂಬ ಕೀಟನಾಶಕದ ಗುಳಿಗೆ ಕಟ್ಟಿ ಎಂಬ ಹಳೆಯ ಸಲಹೆಯನ್ನು ಮರೆತುಬಿಡಿ, ಅದು 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಕಂಬದಿಂದ ನೇರ ಕರೆಂಟ್ ಎಳೆಯುವುದು, ಉರುಳು ಕಟ್ಟುವುದು, ಸಿಡಿಮದ್ದು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಮ್ಮನ್ನು ಜೈಲಿಗೆ ಕಳಿಸಬಹುದು. ಅದಕ್ಕಿಂತ ಮೊದಲು ಆ ತಂತಿಗೆ ಕೈ ತಾಗುವುದು ನೀರು ಕಟ್ಟಲು ಬಂದ ಮನುಷ್ಯನದು.

ಮುಳ್ಳುಹಂದಿ ಹಾರುವುದಿಲ್ಲ, ತೋಡುತ್ತದೆ, ನೈಲಾನ್ ಬಲೆಯನ್ನು ಕಡಿಯುತ್ತದೆ. ಜಮೀನಿಗೆಲ್ಲ ಬೇಲಿ ಹಾಕುವುದಕ್ಕಿಂತ ಸಸಿಗೊಂದು ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ಸುತ್ತು ಅಗ್ಗ: ಎರಡಡಿ ಅಡ್ಡಳತೆ, ನೆಲದ ಮೇಲೆ ಎರಡೂವರೆ ಅಡಿ, ಒಳಗೆ ಒಂದಡಿ. ನೂರು ಸಸಿ ದಾಟಿದರೆ ಲೆಕ್ಕ ಮಗುಚುತ್ತದೆ, ಆಗ ಸುತ್ತುಬೇಲಿಯೇ ಮೇಲು.

ಹೆಗ್ಗಣಕ್ಕೆ ಮೊದಲು ಕಲ್ಲುರಾಶಿ, ಗರಿ, ಕಸ ತೆಗೆದು, ಚರಂಡಿಗೆ ಅರ್ಧ ಅಂಗುಲಕ್ಕಿಂತ ಸಣ್ಣ ಕಣ್ಣಿನ ಜಾಲರಿ ಹಾಕಿ, ವಾಸದ ಬಿಲದ ಮುಂದೆ ಬೋನು ಇಡಿ. ಪಾಷಾಣ ಕೊನೆಯ ಆಯ್ಕೆ. ಇಡಲೇಬೇಕೆಂದರೆ 0.005 ಪ್ರತಿಶತದ ಬ್ರೊಮಾಡಯೊಲೋನ್ ಬಿಲ್ಲೆಯನ್ನು ಬಿಲದ ಒಳಗಿಟ್ಟು ಬಾಯಿ ಮುಚ್ಚಿ, ಸತ್ತದ್ದನ್ನು ಹುಡುಕಿ ಹೂಳಿ.

ನವಿಲಿಗೆ ಮೊಳಕೆ ನಾಲ್ಕೆಲೆ ಬಿಡುವ ತನಕ ಮಡಿಯ ಮೇಲೆ ತೆಂಗಿನ ಗರಿ ಹೊದಿಸಿದರೆ ಸಾಕು.

ಎರಡು ಪ್ರಾಣಿಯ ಗುರುತು ಒಟ್ಟಿಗೆ ಸಿಕ್ಕರೆ ಗಾಬರಿ ಬೇಡ. ಹಂದಿ ಉತ್ತ ಮಣ್ಣಿನಲ್ಲಿ ಬೆಳಿಗ್ಗೆ ನವಿಲು ಗೆಬರುವುದು, ಇಲಿಯ ಬಿಲವನ್ನು ನಾಯಿ ಬಗೆಯುವುದು ದಿನದ ಸಂಗತಿ. ಎಲ್ಲ ಗುಂಡಿ ಮುಚ್ಚಿ ಸಮ ಮಾಡಿ, ಮರುದಿನ ಬೆಳಕು ಹರಿಯುವ ಮುನ್ನ ಮೊದಲು ಎದ್ದ ಮಣ್ಣು ಯಾವುದೆಂದು ನೋಡಿ. ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕುವುದಾದರೆ ಗುಂಡಿ ಮುಚ್ಚುವ ಮೊದಲೇ ಸ್ಕೇಲ್ ಇಟ್ಟ ಫೋಟೊ ತೆಗೆದಿಟ್ಟುಕೊಳ್ಳಿ: ಗುಂಡಿಯದೊಂದು, ಹೆಜ್ಜೆಯದೊಂದು, ಇಡೀ ತಾಕಿನದೊಂದು. ಕರಡಿ, ಚಿರತೆಯ ಅನುಮಾನವಿದ್ದರೆ ಅದಕ್ಕೂ ಕಾಯದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.